ದೋಣಿ ಕಟ್ಟಿದ ಹಗ್ಗ

ಬಂಗಾಳದ ಆಚೆ, ಕಡಲಂಚಿಗೆ, ಅರಕಾನ್ ಅಂತ ಒಂದು ರಾಜ್ಯವಿತ್ತು. ಅದರ ದೊರೆಗೆ ಆನೆಗಳಿದ್ದವು, ಯುದ್ಧದ ದೋಣಿಗಳಿದ್ದವು, ಕೂಲಿಗೆ ಬಂದು ತೋಪು ಹಾರಿಸುವ ಫರಂಗಿಗಳಿದ್ದರು. ಇಷ್ಟೆಲ್ಲ ಇದ್ದೂ ಅವನಿಗೆ ನೆಮ್ಮದಿಯ ನಿದ್ದೆ ಮಾತ್ರ ಇರಲಿಲ್ಲ.

ಕಾರಣ, ಆಸ್ಥಾನದ ಜೋಯಿಸ ಒಂದು ಮಾತು ಹೇಳಿಬಿಟ್ಟಿದ್ದ. ಬರುವ ತಿಂಗಳು ಗಂಡಾಂತರ, ಆ ತಿಂಗಳಲ್ಲಿ ಮೃತ್ಯು ಅರಕಾನಿನ ದೊರೆಯನ್ನು ಹುಡುಕಿಕೊಂಡು ಬರುತ್ತದೆ ಅಂತ. ಪರಿಹಾರವನ್ನೂ ಅವನೇ ಹೇಳಿದ್ದ. ಹೊಸದಾಗಿ ಕಟ್ಟುತ್ತಿರುವ ಕೋಟೆಬಾಗಿಲ ಬುಡದಲ್ಲಿ ಸೆರೆಯಾಳುಗಳನ್ನು ಜೀವಂತ ಹೂಳಬೇಕು, ಅವರ ಪ್ರೇತಗಳು ಬಾಗಿಲು ಕಾಯುತ್ತವೆ, ಮೃತ್ಯುವನ್ನು ಒಳಗೆ ಬಿಡುವುದಿಲ್ಲ ಅಂತ.

ಸೆರೆಯಾಳುಗಳಿಗೇನು ಬರವೇ? ಬಂಗಾಳದ ನದೀಮುಖದ ಹಳ್ಳಿಗಳಿಂದ ಎಳೆದು ತಂದವರು ನದಿದಡದ ಬಿದಿರು ದೊಡ್ಡಿಯಲ್ಲಿ ಕೂತಿದ್ದರು. ನೇಕಾರರು, ಮೀನು ಹಿಡಿಯುವವರು, ಹೆಂಗಸರು, ಮಕ್ಕಳು, ಮುದುಕರು. ದೊರೆಗಳ ಹೆದರಿಕೆ ಯಾವತ್ತೂ ಹೀಗೇ, ಹೆದರುವವನೊಬ್ಬ, ಸಾಯುವವರು ಬೇರೆ.

ಆ ದೊಡ್ಡಿಗೆ ದಿನಾ ಅನ್ನ ಹೊತ್ತು ಹೋಗುತ್ತಿದ್ದವನು ನ್ಯೋಥಾ. ನದಿದಡದ ವಿಹಾರದಲ್ಲಿದ್ದ ಸಾರದಸ್ಸಿ ಎಂಬ ವೃದ್ಧ ಭಿಕ್ಷುವಿನ ಶಿಷ್ಯ. ಮೊದಲು ಅವನು ದೊರೆಯ ದೋಣಿಪಡೆಯಲ್ಲಿ ಚುಕ್ಕಾಣಿ ಹಿಡಿಯುತ್ತಿದ್ದ. ಈ ಜನರನ್ನು ತಂದ ದೋಣಿಯ ಚುಕ್ಕಾಣಿಯೂ ಅವನ ಕೈಯಲ್ಲೇ ಇತ್ತು.

ದಾರಿಯುದ್ದಕ್ಕೂ ಬೆನ್ನ ಹಿಂದೆ ಅಳು ಕೇಳುತ್ತಿತ್ತು. ದಡ ಮುಟ್ಟಿದ್ದೇ ತಡ, ನ್ಯೋಥಾ ಚುಕ್ಕಾಣಿ ಬಿಟ್ಟು ನೆಟ್ಟಗೆ ವಿಹಾರಕ್ಕೆ ಬಂದು ಬಾಗಿಲಲ್ಲಿ ಕೂತ. ಒಳಗೆ ಬಾ ಅಂತ ಯಾರೂ ಕರೆಯಲಿಲ್ಲ. ಎದ್ದು ಹೋಗು ಅಂದರೂ ಅವನು ಹೋಗಲಿಲ್ಲ. ಹಿಡಿದದ್ದನ್ನು ಬಿಡುವ ಜಾಯಮಾನವೇ ಅವನದಲ್ಲ.

ಕೊನೆಗೆ ಗುರುಗಳೇ ಹೊರಬಂದು ಅವನ ಕೈಗೊಂದು ಕೊಡ ಕೊಟ್ಟು, ಬಾವಿಯಿಂದ ನೀರು ಸೇದಿ ತಾ ಅಂದರು. ಅವನನ್ನು ಸೇರಿಸಿಕೊಂಡದ್ದು ಹಾಗೆ. ದೊರೆಯ ಚಾಕರಿಯವನಿಗೆ ದೊರೆಯ ಅಪ್ಪಣೆಯಿಲ್ಲದೆ ಕಾಷಾಯ ಕೊಡುವಂತಿರಲಿಲ್ಲ. ಅವನು ಬಿಳಿಬಟ್ಟೆಯಲ್ಲೇ ಉಳಿದ.

ದೊಡ್ಡಿಯಲ್ಲಿ ಫೂಲಮತಿ ಅನ್ನುವ ನೇಕಾರ ಹೆಂಗಸೊಬ್ಬಳಿದ್ದಳು. ಅವನು ಬಡಿಸಿದ ಅನ್ನ ಉಣ್ಣುತ್ತಿದ್ದಳು, ಅವನ ಮುಖ ಮಾತ್ರ ನೋಡುತ್ತಿರಲಿಲ್ಲ. ಒಂದು ದಿನ ತಟ್ಟೆ ನೋಡುತ್ತಲೇ, ರೇವಿನವರ ಅರೆಬರೆ ಭಾಷೆಯಲ್ಲಿ ಕೇಳಿದಳು.

"ತಂದವನು ನೀನು. ವಾಪಸ್ ಬಿಟ್ಟುಬರುವವನು ಯಾರು?"

"ನಾನೇ," ಅಂದ ನ್ಯೋಥಾ. ಹೇಗೆ ಅಂತ ಅವನಿಗೇ ಗೊತ್ತಿರಲಿಲ್ಲ. ಆದರೆ ಬಾಯಿಂದ ಬಂದಮೇಲೆ ಮುಗಿಯಿತು, ಅವನು ಅದನ್ನು ಹಿಂತೆಗೆದುಕೊಳ್ಳುವವನಲ್ಲ.

ಜೋಯಿಸನ ಮಾತು ಊರಲ್ಲಿ ಹರಡಿದ ದಿನ ಅವನು ಏದುಸಿರು ಬಿಡುತ್ತಾ ಗುರುಗಳ ಮುಂದೆ ಬಂದು ನಿಂತ. ಸಾರದಸ್ಸಿ ಪೂರ್ತಿ ಕೇಳಿಸಿಕೊಂಡು, ಕೊಡೆ ಹಿಡಿದು ಅರಮನೆಯ ದಾರಿ ಹಿಡಿದರು.

ಅಲ್ಲಿ ಅವರು ಜೋಯಿಸನನ್ನು ಬೈಯಲಿಲ್ಲ, ಧರ್ಮಬೋಧೆ ಮಾಡಲಿಲ್ಲ. ಮೃತ್ಯು ಹುಡುಕುತ್ತಿರುವುದು ದೊರೆಯನ್ನು ತಾನೇ ಅಂತ ಕೇಳಿದರು. ಆ ತಿಂಗಳು ನೀನು ದೊರೆಯೇ ಆಗಿರದೆ ಭಿಕ್ಷುವಾಗಿದ್ದರೆ ಅದು ಯಾರನ್ನು ಹುಡುಕೀತು? ತಿಂಗಳು ಕಳೆದಮೇಲೆ ಬಟ್ಟೆ ಕಳಚಿ ಮತ್ತೆ ಸಿಂಹಾಸನ ಏರು ಅಂದರು. ಆ ಕಡೆ ಹಾಗೆ ಮಾಡುವ ವಾಡಿಕೆಯಿತ್ತು. ಬದಲಿಗೆ ಸೆರೆಯವರನ್ನು ಅವರವರ ಊರಿಗೆ ಕಳಿಸು ಅಂತಲೂ ಹೇಳಿದರು.

ದೊರೆಗೆ ಹೋದ ಜೀವ ಬಂದ ಹಾಗಾಯಿತು. ಆಗಲಿ ಅಂತ ಮಾತು ಕೊಟ್ಟ. ಜೋಯಿಸನೂ ತಲೆಯಾಡಿಸಿದ. ದೊರೆ ನಗುವಾಗ ಬೇರೆ ಮಾತಾಡುವಷ್ಟು ದಡ್ಡನಲ್ಲ ಅವನು.

ದೀಕ್ಷೆಯ ದಿನ ಬೆಳಿಗ್ಗೆ ನ್ಯೋಥಾ ಬಾವಿಯ ಹತ್ತಿರ ನಿಂತಿದ್ದ. ಹಗ್ಗ ಸವೆದು ಎಳೆ ಎಳೆಯಾಗಿದೆ, ಇವತ್ತೋ ನಾಳೆಯೋ ಕೊಡ ಬಾವಿಪಾಲು ಅಂತ ಗುರುಗಳಿಗೆ ಹೇಳಿದ. ಅವರ ಮನಸ್ಸು ಬೇರೆ ಕಡೆ ಇತ್ತು.

"ಬಾವಿ ಇರಲಿ. ದೋಣಿಯ ವಿಷಯ ಚೆನ್ನಾಗಿ ಕೇಳಿಸಿಕೋ," ಅಂದರು.

ವಿಹಾರದ ದೀಕ್ಷೆಯ ಕಟ್ಟೆ ಹಿಂದಿನ ವರ್ಷದ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ಹಾಗಾದಾಗ ಭಿಕ್ಷುಗಳು ನಡುನದಿಯಲ್ಲಿ, ದೋಣಿಯ ಮೇಲೆ ದೀಕ್ಷೆ ಕೊಡುತ್ತಾರೆ. ಅದಕ್ಕೊಂದು ಕಟ್ಟುನಿಟ್ಟು ಉಂಟು. ದೋಣಿಗೂ ದಡಕ್ಕೂ ಯಾವ ತಾಗುವಿಕೆಯೂ ಇರಕೂಡದು. ಹಲಗೆ ಚಾಚಿರಬಾರದು, ಹಗ್ಗ ಕಟ್ಟಿರಬಾರದು. ನೂಲೆಳೆಯಷ್ಟು ದಡ ತಾಗಿದ್ದರೂ ಆ ದೀಕ್ಷೆ ದೀಕ್ಷೆಯಲ್ಲ.

ನ್ಯೋಥಾ ಹೂಂ ಅಂದ. ಆದರೆ ಅವನ ಕಣ್ಣು ನದಿಯ ಮೇಲಿತ್ತು.

ಅದು ಸಮುದ್ರದ ಉಬ್ಬರ ಇಳಿತಕ್ಕೆ ಸಿಕ್ಕ ನದಿ. ಇಳಿತ ಶುರುವಾದರೆ ಎಳೆತ ಭಯಂಕರ. ತಳವೋ ಬರೀ ಕೆಸರು, ಲಂಗರು ನಿಲ್ಲುವುದಿಲ್ಲ. ಮಂತ್ರ ಎಳೆಯುತ್ತಾ ಹೋಗಿ ಹೊತ್ತು ಮೀರಿದರೆ? ದೋಣಿ ಮಗುಚಿ ದೊರೆ ನೀರುಪಾಲಾದರೆ? ಅದೇ ಸಂಜೆ ಸೆರೆಯವರೆಲ್ಲ ಗುಂಡಿಗೆ, ಅದರಲ್ಲಿ ಅನುಮಾನವೇ ಇಲ್ಲ.

ದೊಡ್ಡಿಯ ಪಕ್ಕದಲ್ಲಿ ಒಂದು ನಾರಿನ ಹಗ್ಗದ ಸಿಂಬಿ ಬಿದ್ದಿತ್ತು. ಸೆರೆಯವರ ಕೈ ಕಟ್ಟಿ ತಂದ ಹಗ್ಗ ಅದು, ಉದ್ದ, ಗಟ್ಟಿ. ನ್ಯೋಥಾ ಅದರ ಒಂದು ತುದಿಯನ್ನು ದಡದ ಮರದ ಬೊಡ್ಡೆಗೂ ಇನ್ನೊಂದು ತುದಿಯನ್ನು ದೋಣಿಯ ಹಿಂಬದಿಗೂ ಬಿಗಿದ. ನಡುವಿನದೆಲ್ಲ ನೀರೊಳಗೆ ಮುಳುಗಿತ್ತು. ಕೆಂಪು ನೀರಿನ ಕೆಳಗಿರುವ ಹಗ್ಗ ಯಾರ ಕಣ್ಣಿಗೆ ಬೀಳುತ್ತದೆ ಅಂದುಕೊಂಡ.

ಯಾರ ಕಣ್ಣಿಗೂ ಬೀಳಲಿಲ್ಲ. ತಲೆ ಬೋಳಿಸಿಕೊಂಡ ದೊರೆ ದೋಣಿಯ ಮಧ್ಯೆ ಮೊಣಕಾಲೂರಿ ಕೂತ. ಸುತ್ತ ಭಿಕ್ಷುಗಳು. ದೀಕ್ಷೆಯಲ್ಲಿ ಎಲ್ಲರನ್ನೂ ಕೇಳುವ ಪ್ರಶ್ನೆಗಳನ್ನು ಸಾರದಸ್ಸಿ ಒಂದೊಂದಾಗಿ ಕೇಳಿದರು.

"ನೀನು ಸ್ವತಂತ್ರನೇ?"

ದೊರೆಗೆ ನಗು ಬಂತು. "ಅರಕಾನಿನಲ್ಲಿ ನನಗಿಂತ ಸ್ವತಂತ್ರ ಯಾರಿದ್ದಾರೆ, ಭಂತೆ?"

ಅದೇ ಗಳಿಗೆಗೆ ಇಳಿತದ ಎಳೆತ ಬಂದು ದೋಣಿ ಒಮ್ಮೆ ಜಗ್ಗಿ ನಿಂತಿತು. ಭಿಕ್ಷುಗಳು ಮಂತ್ರ ಮುಂದುವರಿಸಿದರು. ಹಗ್ಗ ಬಿಗಿದದ್ದು ಹಿಂಬದಿಯಲ್ಲಿ ಚುಕ್ಕಾಣಿ ಹಿಡಿದು ನಿಂತ ನ್ಯೋಥಾನಿಗೆ ಮಾತ್ರ ಅಂಗಾಲಿನಲ್ಲಿ ಗೊತ್ತಾಯಿತು. ದೊರೆ ಮುಳುಗಲಿಲ್ಲ.

ಮರುದಿನ ಬೀದಿಯಲ್ಲಿ ಮುದುಕಿಯರು ಹೊಸ ಭಿಕ್ಷುವಿನ ಕಾಲಿಗೆ ಬಿದ್ದು ಅನ್ನ ಹಾಕುವುದನ್ನು ನೋಡಿದಮೇಲೆ ನ್ಯೋಥಾನಿಗೆ ತಡೆಯಲಾಗಲಿಲ್ಲ. ಗುರುಗಳ ಮುಂದೆ ಅಡ್ಡಬಿದ್ದು ಎಲ್ಲ ಹೇಳಿಬಿಟ್ಟ. ಈಗಲೇ ಹೋಗಿ ದೊರೆಗೂ ಹೇಳಿಬಿಡುತ್ತೇನೆ ಅಂದ.

ಸಾರದಸ್ಸಿ ಅವನನ್ನು ಎಬ್ಬಿಸಿ ಕೂರಿಸಿದರು.

"ಹೇಳಿದರೆ ಯಾರ ಹೊರೆ ಇಳಿಯುತ್ತದೆ?"

"ನನ್ನದು, ಭಂತೆ."

"ಇಳಿದು ಯಾರ ತಲೆ ಮೇಲೆ ಬೀಳುತ್ತದೆ?"

ನ್ಯೋಥಾನಿಗೆ ದೊಡ್ಡಿ ಕಣ್ಣಮುಂದೆ ಬಂತು. ದೀಕ್ಷೆ ಸುಳ್ಳು ಅಂತಾದರೆ ಗಂಡಾಂತರದ ತಿಂಗಳು ಇನ್ನೂ ಪೂರ್ತಿ ಬಾಕಿ. ಜೋಯಿಸನ ಗುಂಡಿ ನಾಳೆಯೇ ಸಿದ್ಧ.

"ನೀನು ಕಟ್ಟಿದ್ದು. ನೀನೇ ಹೊತ್ತುಕೊಂಡಿರು," ಅಂದರು ಗುರುಗಳು. ಆ ಹಗ್ಗ ಬಿಚ್ಚಿ ತರಿಸಿ, ಅವನು ಮಲಗುವ ಚಾಪೆಯ ಎದುರು ಗೂಟಕ್ಕೆ ನೇತುಹಾಕಿಸಿದರು.

ಎದ್ದರೆ ಹಗ್ಗ, ಕೂತರೆ ಹಗ್ಗ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸುತ್ತಿತ್ತು ಅವನಿಗೆ.

ಅಷ್ಟರಲ್ಲಿ ಬಾವಿಯ ಹಗ್ಗ ಕೊನೆಗೂ ಕಡಿದು, ಕೊಡ ಒಳಗೆ ಬಿತ್ತು. ನೀರನ್ನು ನದಿಯ ಮೇಲ್ಗಡೆ ಒರತೆಯಿಂದ ಹೊತ್ತು ತರಬೇಕಾಯಿತು. ಗೂಟದಲ್ಲಿ ಸುಮ್ಮನೆ ತೂಗುತ್ತಿರುವ ಹಗ್ಗವನ್ನೇ ಬಾವಿಗೆ ಕಟ್ಟಲೇ ಅಂತ ನ್ಯೋಥಾ ಕೇಳಿದ. ಕೇಳುವಾಗ ಅವನ ಮನಸ್ಸಿನಲ್ಲಿ ಇದ್ದದ್ದು ಬಾವಿಯಲ್ಲ, ಆ ಹಗ್ಗ ಕಣ್ಣಮುಂದಿನಿಂದ ತೊಲಗಲಿ ಅನ್ನುವುದು. ಗುರುಗಳಿಗೆ ಅದು ಗೊತ್ತಾಗದೆ ಇರುತ್ತದೆಯೇ?

"ಬೇಡ. ಅದರ ಕೆಲಸ ಇನ್ನೂ ಮುಗಿದಿಲ್ಲ," ಅಂದರು.

ಹುಣ್ಣಿಮೆ ಬಂತು. ಅವತ್ತು ಭಿಕ್ಷುಗಳೆಲ್ಲ ಒಟ್ಟಿಗೆ ಕೂತು ತಮ್ಮ ನಿಯಮಗಳನ್ನು ಪಠಿಸಬೇಕು, ದೀಕ್ಷೆಯಾಗದವನು ಅಲ್ಲಿ ಕೂರುವ ಹಾಗಿಲ್ಲ. ದೊರೆ ಮೈತೊಳೆದು ಮಡಿಯಾಗಿ ಬಂದು ನಿಂತ. ಸಾರದಸ್ಸಿ ಅವನ ಕೈಗೆ ಬೇರೊಂದು ಕೊಡ ಕೊಟ್ಟು, ಅಂಗಳದಾಚೆಯ ಹುಣಸೆಸಸಿ ಬಾಡಿದೆ, ಒರತೆಯಿಂದ ನೀರು ತಂದು ಹಾಕು ಅಂದರು.

ದೊರೆಯ ಹುಬ್ಬು ಗಂಟಾಯಿತು. ಆದರೂ ಹೋದ. ಹೆಗಲ ಮೇಲೆ ಕೊಡ ಹೊತ್ತು, ಕಾಲು ಜಾರುತ್ತಾ, ಕಾವಲಿನವರಿಲ್ಲದೆ, ಬಿಸಿಲಲ್ಲಿ ಹೋಗಿ ಬಂದು ಮಾಡಿದ. ಒಳಗೆ ಪಠಣ ಮುಗಿಯುವ ಹೊತ್ತಿಗೆ ಅವನ ಮೈಯೆಲ್ಲ ಒದ್ದೆ. ಅವತ್ತು ಅವನಿಗೆ ಎಂಥ ನಿದ್ದೆ ಬಂತೆಂದರೆ, ಗಂಟೆ ಬಾರಿಸಿದರೂ ಎಚ್ಚರವಾಗಲಿಲ್ಲ. ಮಾರನೆಯ ದಿನದಿಂದ ಯಾರೂ ಹೇಳದೆಯೇ ಸಸಿಗೆ ನೀರು ಹಾಕತೊಡಗಿದ.

ತಿಂಗಳು ಕಳೆಯಿತು. ದೊರೆಗೆ ಒಂದು ಸೀನೂ ಬರಲಿಲ್ಲ. ಅವನು ಕಾಷಾಯ ಕಳಚಿ, ಗುರುಗಳಿಗೆ ನಮಸ್ಕರಿಸಿ ಅರಮನೆಗೆ ಹೋದ. ಸೆರೆಯವರನ್ನು ಬಿಡುವ ಅಪ್ಪಣೆ ಇವತ್ತು ಬಂದೀತು, ನಾಳೆ ಬಂದೀತು ಅಂತ ನ್ಯೋಥಾ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ.

ಬಂದದ್ದು ಗುದ್ದಲಿ ಹೊತ್ತ ಆಳುಗಳು. ಕೋಟೆಬಾಗಿಲ ಬುಡದಲ್ಲಿ ಅಗೆತ ಶುರುವಾಗಿತ್ತು.

ಅರಮನೆಗೆ ಕಾಲಿಟ್ಟ ಕೂಡಲೇ ಜೋಯಿಸ ದೊರೆಯ ಕಿವಿ ಊದಿದ್ದ. ಈ ಸಲ ಕಾಷಾಯ ಕಾಪಾಡಿತು, ಮೃತ್ಯು ಬಂದು ದೊರೆ ಕಾಣದೆ ವಾಪಸ್ ಹೋಯಿತು. ಆದರೆ ಮಳೆಗಾಲ ಮುಗಿಯುತ್ತಲೇ ಮತ್ತೆ ಬರುತ್ತದೆ. ಪ್ರತಿಸಲವೂ ತಲೆ ಬೋಳಿಸಿಕೊಂಡು ಕೂತರೆ ಸಿಂಹಾಸನ ಯಾರು ಕಾಯಬೇಕು? ಬಾಗಿಲನ್ನೇ ಭದ್ರ ಮಾಡಿಬಿಡಿ ಅಂದಿದ್ದ. ದೊರೆಯ ನಿದ್ದೆ ಮತ್ತೆ ಹಾರಿಹೋಯಿತು, ಕೊಟ್ಟ ಮಾತೂ ಅದರ ಹಿಂದೆಯೇ ಹೋಯಿತು.

ಅನ್ನದ ಬುಟ್ಟಿ ಹೊತ್ತು ಹೋದ ನ್ಯೋಥಾ ದೊಡ್ಡಿಯಲ್ಲಿ ಎಲ್ಲರ ಕೈ ಕಟ್ಟಿರುವುದನ್ನು ಕಂಡ. ಫೂಲಮತಿ ಅವನು ಬಡಿಸಿದ ತಟ್ಟೆಯಿಂದಲೂ ಮುಖ ತಿರುಗಿಸಿದಳು.

ವಾಪಸ್ ಬಂದು ಚಾಪೆಯ ಮೇಲೆ ಕುಸಿದ. ಎದುರಿಗೆ ಅದೇ ಹಗ್ಗ. ಎಷ್ಟೋ ಹೊತ್ತು ಅದನ್ನೇ ನೋಡುತ್ತಾ ಕೂತ. ಕಾಷಾಯ ಕಾಪಾಡಿತು ಅಂತಾನೆ ಜೋಯಿಸ. ಯಾವ ಕಾಷಾಯ? ಕಟ್ಟಿದ ದೋಣಿಯಲ್ಲಿ ದೀಕ್ಷೆಯಿಲ್ಲ. ದೀಕ್ಷೆಯಿಲ್ಲದಿದ್ದರೆ ಆ ತಿಂಗಳೆಲ್ಲ ಅವನು ಭಿಕ್ಷುವಲ್ಲ, ದೊರೆಯೇ. ದೊರೆಯಾಗಿಯೇ ಇದ್ದ, ಬೀದಿಯಲ್ಲಿ ಬರಿಗಾಲಲ್ಲಿ ನಡೆದ. ಮೃತ್ಯು ಬರಲೇ ಇಲ್ಲ.

ಅವನು ಎದ್ದುನಿಂತ. ಬಾಗಿಲಲ್ಲಿ ಗುರುಗಳಿದ್ದರು.

"ಭಂತೆ, ಈಗ ಹೇಳಿದರೆ ನನ್ನ ತಲೆ ಹೋಗುತ್ತದೆ."

"ಹೋಗಬಹುದು."

"ಅವರದ್ದು ಉಳಿಯುತ್ತದೆ."

"ಉಳಿಯಬಹುದು. ಉಳಿಯದೆಯೂ ಹೋಗಬಹುದು."

"ಹೋಗುತ್ತೇನೆ," ಅಂದ ನ್ಯೋಥಾ.

ಸಾರದಸ್ಸಿ ತಾವೇ ಕೈಚಾಚಿ ಗೂಟದಿಂದ ಹಗ್ಗ ತೆಗೆದು ಅವನ ಹೆಗಲಿಗೆ ಹಾಕಿದರು. ಆಮೇಲೆ ಕೊಡೆ ಹುಡುಕಿಕೊಂಡು ಅವನ ಜೊತೆಗೇ ಹೊರಟರು.

ಕೋಟೆಬಾಗಿಲಲ್ಲಿ ಜನ ನೆರೆದಿದ್ದರು. ಗುಂಡಿಯ ಅಂಚಿನಲ್ಲಿ ಸೆರೆಯವರನ್ನು ಸಾಲಾಗಿ ನಿಲ್ಲಿಸಿದ್ದರು. ದೊರೆ ಸತ್ತಿಗೆಯ ಕೆಳಗೆ ಕೂತಿದ್ದ, ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ನ್ಯೋಥಾ ಕಾವಲಿನವರ ಭರ್ಜಿ ಸರಿಸಿ ಮುಂದೆ ಹೋಗಿ, ಹಗ್ಗವನ್ನು ದೊರೆಯ ಪಾದದ ಬಳಿ ಇಟ್ಟು, ದೀಕ್ಷೆಯ ದಿನ ದೋಣಿಯನ್ನು ದಡಕ್ಕೆ ಕಟ್ಟಿದ ಹಗ್ಗ ಇದು ಅಂದ.

"ಕಟ್ಟಿದ್ದು ನಾನು, ಮಹಾಪ್ರಭು. ಗುರುಗಳು ಬೇಡವೆಂದರೂ ಕಟ್ಟಿದೆ. ನೀವು ಒಂದು ದಿನವೂ ಭಿಕ್ಷುವಾಗಿರಲಿಲ್ಲ. ಆ ತಿಂಗಳು ಪೂರ್ತಿ ದೊರೆಯಾಗಿಯೇ ಇದ್ದಿರಿ."

ದೊರೆಯ ಮುಖ ಕೆಂಪೇರಿತು. ಊರಿನವರೆಲ್ಲ ಕಾಲಿಗೆ ಬಿದ್ದದ್ದು ಹಾಗಾದರೆ ವೇಷಧಾರಿಗೋ? ಇವನನ್ನು ಮೊದಲು ಗುಂಡಿಗೆ ತಳ್ಳಿ ಅಂದ. ಇಬ್ಬರು ಬಂದು ನ್ಯೋಥಾನ ತೋಳು ಹಿಂದಕ್ಕೆ ತಿರುಚಿ ಗುಂಡಿಯೊಳಗೆ ಇಳಿಸಿದರು. ಮಣ್ಣು ತಂಪಾಗಿತ್ತು. ಹೆದರಿಕೆಯಾಗುತ್ತಿದೆ ಅಂತ ಅವನಿಗೆ ಗೊತ್ತಾಯಿತು, ಆದರೂ ತಲೆಯೆತ್ತಿ ನಿಂತು ಇನ್ನೊಮ್ಮೆ ಹೇಳಿದ.

"ದೊರೆಯಾಗಿಯೇ ಇದ್ದಿರಿ. ಆದರೂ ಸಾಯಲಿಲ್ಲ. ಜೋಯಿಸರನ್ನು ಕೇಳಿ, ಯಾಕೆ ಅಂತ."

ಜೋಯಿಸ ಮುಂದೆ ಬಂದು, ಇದೆಲ್ಲ ಈ ಸೆರೆಯವರನ್ನು ಬಿಡಿಸಲು ಇವತ್ತು ಹೊಸೆದ ಕಟ್ಟುಕಥೆ, ಹಗ್ಗಕ್ಕೇನು, ಸಂತೆಯಲ್ಲೂ ಸಿಗುತ್ತದೆ ಅಂದ. ದೊರೆ ಅನುಮಾನದಿಂದ ಸಾರದಸ್ಸಿಯ ಕಡೆ ತಿರುಗಿದ. ನಿಮಗೆ ಇದು ಯಾವಾಗ ತಿಳಿಯಿತು ಅಂತ ಕೇಳಿದ.

"ದೀಕ್ಷೆಯ ಮರುದಿನ."

"ಸುಳ್ಳು. ತಿಳಿದಿದ್ದರೆ ನನ್ನನ್ನು ಭಿಕ್ಷುಗಳ ಜೊತೆ ಹೇಗೆ ಕೂರಿಸುತ್ತಿದ್ದಿರಿ?"

"ಹುಣ್ಣಿಮೆಯ ದಿನ ಎಲ್ಲಿ ಕೂತಿದ್ದೆ, ಮಹಾರಾಜ?"

ದೊರೆಗೆ ಒದ್ದೆ ಹೆಗಲು ನೆನಪಾಯಿತು, ಒರತೆಯ ದಾರಿ ನೆನಪಾಯಿತು, ಬಾಡಿದ ಹುಣಸೆಸಸಿ ನೆನಪಾಯಿತು. ಒಳಗೆ ಪಠಣ ನಡೆಯುತ್ತಿತ್ತು, ತಾನು ಹೊರಗಿದ್ದೆ. ಈ ಹಗ್ಗ ಇವತ್ತು ಹೊಸೆದದ್ದಲ್ಲ.

ಆಮೇಲೆ ತನಗೆ ತಾನೇ ಅನ್ನುವ ಹಾಗೆ, ಆ ತಿಂಗಳು ಬಾಗಿಲಿಗೆ ಅಗುಳಿಯೂ ಇಲ್ಲದ ಕೋಣೆಯಲ್ಲಿ ಮಲಗಿದ್ದೆ ಅಂದ. ನಿದ್ದೆ ಬಂದಿತ್ತು ಅಂದ.

"ದೋಣಿಯಲ್ಲಿ ನಿನಗೊಂದು ಪ್ರಶ್ನೆ ಕೇಳಿದ್ದೆ," ಅಂದರು ಸಾರದಸ್ಸಿ. "ನಕ್ಕುಬಿಟ್ಟೆ. ಈಗ ಹೇಳು."

ದೊರೆ ಜೋಯಿಸನ ಕಡೆ ನೋಡಿದ. ಗುಂಡಿ ನೋಡಿದ. ಸಾಲಾಗಿ ನಿಂತ ಜನರನ್ನು ನೋಡಿದ.

"ಇಲ್ಲ, ಭಂತೆ," ಅಂದ.

ಎದ್ದು ಬಂದು, ಕಾವಲಿನವನ ಸೊಂಟದಿಂದ ಚೂರಿ ಕಿತ್ತುಕೊಂಡು ಮೊದಲ ಕಟ್ಟನ್ನು ತಾನೇ ಕೊಯ್ದ. ಉಳಿದವರದನ್ನು ಆಳುಗಳು ಬಿಚ್ಚಿದರು. ಜೋಯಿಸ ಆ ಹೊತ್ತಿಗೆ ಜನರ ನಡುವೆ ಎಲ್ಲೋ ಕರಗಿಹೋಗಿದ್ದ.

ಗುಂಡಿಯಲ್ಲಿ ನಿಂತವನನ್ನು ದೊರೆ ಕೊನೆಗೆ ನೋಡಿದ. ಇವನಿಗೇನು ಶಿಕ್ಷೆ ಅಂತ ಪಕ್ಕದವರು ಕೇಳಿದರು. ಈ ಜನರನ್ನು ತಂದ ಚುಕ್ಕಾಣಿಯವನು ಇವನೇ ಅಂತ ಯಾರೋ ಹೇಳಿದರು.

"ತಂದವನೇ ಬಿಟ್ಟುಬರಲಿ," ಅಂದ ದೊರೆ. "ಬಿಟ್ಟುಬಂದಮೇಲೆ ಅವನಿಗೆ ನನ್ನ ಚಾಕರಿಯಿಲ್ಲ. ಯಾವ ಬಟ್ಟೆ ಬೇಕೋ ಉಟ್ಟುಕೊಳ್ಳಲಿ."

ನ್ಯೋಥಾ ಮೇಲೆ ಹತ್ತಲು ಗುಂಡಿಯ ಅಂಚಿಗೆ ಕೈಹಾಕಿದ. ಮೇಲಿನಿಂದ ಒಂದು ಕೈ ಚಾಚಿಕೊಂಡಿತು. ಮಣಿಕಟ್ಟಿನಲ್ಲಿ ಹಗ್ಗ ಕಟ್ಟಿದ ಗಾಯದ ಗುರುತಿತ್ತು. ಫೂಲಮತಿಯ ಕೈ. ಅವಳು ಅವನನ್ನು ಮೇಲಕ್ಕೆ ಎಳೆದುಕೊಂಡು, ಮೊದಲ ಸಲ ಅವನ ಮುಖ ನೋಡಿದಳು. ಅವನಿಗೆ ಅಳು ಬಂತು. ತಡೆಯಲಿಲ್ಲ, ಅತ್ತುಬಿಟ್ಟ.

ದೋಣಿ ಹೊರಡುವುದು ಇಳಿತದ ಹೊತ್ತಿಗೆ. ಅಲ್ಲಿಯವರೆಗೆ ಎಲ್ಲರೂ ವಿಹಾರದ ಅಂಗಳಕ್ಕೆ ಬಂದು ನೆರಳಲ್ಲಿ ಕೂತರು. ಬೆಳಗಿನಿಂದ ಬಿಸಿಲಲ್ಲಿ ನಿಂತು ಎಲ್ಲರ ತುಟಿ ಒಣಗಿತ್ತು. ಬಾವಿಯ ಕಟ್ಟೆ ಕಂಡು ಮಕ್ಕಳು ಓಡಿ ಹೋದವು, ರಾಟೆಯಲ್ಲಿ ಹಗ್ಗವಿಲ್ಲದ್ದು ಕಂಡು ಹಾಗೇ ನಿಂತವು.

ನ್ಯೋಥಾ ಹಗ್ಗವನ್ನು ಕೋಟೆಬಾಗಿಲಿನಿಂದ ಹೆಗಲ ಮೇಲೆ ಹೊತ್ತು ತಂದಿದ್ದ. ಅಭ್ಯಾಸಬಲದಿಂದ ಅದನ್ನು ಮತ್ತೆ ಗೂಟಕ್ಕೆ ಹಾಕಲು ಹೊರಟವನು ಗುರುಗಳ ಮುಂದೆ ನಿಂತ. ಕಟ್ಟಬಾರದ ಕಡೆ ಕಟ್ಟಿದ ಹಗ್ಗ ಇದು, ಸುಟ್ಟುಬಿಡಲೇ, ನದಿಗೆ ಎಸೆಯಲೇ, ಇನ್ನೂ ಕಣ್ಣಮುಂದೆ ಇಟ್ಟುಕೊಂಡಿರಲೇ ಅಂತ ಕೇಳಿದ.

ಸಾರದಸ್ಸಿ ಕೊಡೆ ಮಡಿಸಿ ಗೋಡೆಗೆ ಒರಗಿಸುತ್ತಿದ್ದರು.

"ಇವರಿಗೆಲ್ಲ ಬಾಯಾರಿದೆ," ಅಂದರು. "ಬಾವಿಗೆ ಕಟ್ಟು."